ಕೊಬ್ಬು ಮಸಲ್ ಆಗುವುದಿಲ್ಲ, ಆ ಇಂಜೆಕ್ಷನ್ ಬೇಡವೇ ಬೇಡ

ಪ್ರಶ್ನೆ: ನನಗೆ 31 ವರ್ಷ, ತೂಕ 82 ಕೆ.ಜಿ. 3 ತಿಂಗಳಿಂದ ಜಿಮ್‌ಗೆ ಹೋಗುತ್ತಿದ್ದೇನೆ. ಪ್ಯಾಂಟ್ ಸಡಿಲವಾಗಿದೆ, ತೂಕ ಮಾತ್ರ ಅಷ್ಟೇ ಇದೆ. ಕೊಬ್ಬೆಲ್ಲ ಮಸಲ್ ಆಗುತ್ತಿದೆಯಾ ಡಾಕ್ಟ್ರೇ? ಬೇಗ ಬಾಡಿ ಬರಲು ಇಂಜೆಕ್ಷನ್ ತಗೊಳ್ಳಿ ಅಂತ ಟ್ರೈನರ್ ಹೇಳುತ್ತಿದ್ದಾರೆ.
– ಓದುಗರು, ದಾವಣಗೆರೆ

ಉತ್ತರ: ಕೊಬ್ಬು ಮಸಲ್ ಆಗುವುದಿಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ನಿಲ್ಲುತ್ತಿಲ್ಲ. ಎರಡರ ಜೀವಕೋಶಗಳೇ ಬೇರೆ. 10 ಕೆ.ಜಿ. ಕೊಬ್ಬು ಪೂರ್ತಿ ಕರಗಿದರೆ ಅದರಲ್ಲಿ ಸುಮಾರು 8.4 ಕೆ.ಜಿ. ನೀವು ಬಿಡುವ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ, ಉಳಿದದ್ದು ನೀರಾಗುತ್ತದೆ. ಹೊಟ್ಟೆಗೆ ಬೆಲ್ಟ್ ಸುತ್ತಿ ಬೆವರಿಳಿಸಿದರೆ ಹೋಗುವುದು ನೀರು, ಒಂದು ಲೋಟ ಕುಡಿದರೆ ವಾಪಸ್ ಬರುತ್ತದೆ.

ಮಸಲ್ ಕಥೆ ಬೇರೆ. ಭಾರ ಎತ್ತಿದಾಗ ಸ್ನಾಯುವಿನ ಎಳೆಗಳ ಮೇಲೆ ಒತ್ತಡ ಬೀಳುತ್ತದೆ, ಆಮೇಲೆ ಒಂದೆರಡು ದಿನ ದೇಹ ಅಲ್ಲಿ ಪ್ರೋಟೀನ್ ಸೇರಿಸುತ್ತಾ ಎಳೆಯನ್ನು ದಪ್ಪ ಮಾಡುತ್ತದೆ. ಹೊಸದಾಗಿ ಶುರು ಮಾಡಿದವರಲ್ಲಿ ಒಂದು ಕಡೆ ಕೊಬ್ಬು ಇಳಿಯುತ್ತಾ, ಇನ್ನೊಂದು ಕಡೆ ಮಸಲ್ ಬೆಳೆಯಬಹುದು. ಅದಕ್ಕೇ ಮುಳ್ಳು ಅಲ್ಲೇ ನಿಂತಿದೆ. ನಿಮ್ಮ ಪ್ಯಾಂಟ್ ನಿಜ ಹೇಳುತ್ತಿದೆ, ಅದನ್ನು ನಂಬಿ. 15 ದಿನಕ್ಕೊಮ್ಮೆ ಸೊಂಟಕ್ಕೆ ಟೇಪ್ ಹಿಡಿಯಿರಿ, ಸಾಕು.

ಕಿಡ್ನಿ ತೊಂದರೆ ಇಲ್ಲದಿದ್ದರೆ ದಿನಕ್ಕೆ 100 ಗ್ರಾಂ ಪ್ರೋಟೀನ್‌ಗೆ ಪ್ರಯತ್ನಿಸಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಹುರುಳಿಯಲ್ಲಿ 20ಕ್ಕೂ ಜಾಸ್ತಿ ಇರುತ್ತದೆ. ಆದರೆ ಬಸ್ಸಾರಿನ ಕಟ್ಟು ಮಾತ್ರ ಉಂಡು ಕಾಳು ಬಿಟ್ಟರೆ ಏನು ಬಂತು? ಕಾಳು ತಿನ್ನಿ.

ಇನ್ನು ಇಂಜೆಕ್ಷನ್. ಜಿಮ್‌ನಲ್ಲಿ ಹೀಗೆ ಕೊಡುವುದು ಸಾಮಾನ್ಯವಾಗಿ ಟೆಸ್ಟೋಸ್ಟಿರಾನ್ ಜಾತಿಯ ಸ್ಟಿರಾಯ್ಡ್. ಹೊರಗಿಂದ ಬಂತು ಅಂತ ದೇಹ ತನ್ನದನ್ನು ತಯಾರಿಸುವುದನ್ನೇ ನಿಲ್ಲಿಸುತ್ತದೆ, ವೃಷಣ ಕುಗ್ಗುತ್ತದೆ, ವೀರ್ಯಾಣು ಕಡಿಮೆಯಾಗುತ್ತದೆ, ಹೃದಯಕ್ಕೂ ಪೆಟ್ಟು. ಮಕ್ಕಳಾಗಲಿಲ್ಲ ಅಂತ ಬಂದ ಹುಡುಗರು ತಲೆ ತಗ್ಗಿಸಿ ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. ಸಿರಿಂಜ್ ಹಿಡಿಯುವುದು ಟ್ರೈನರ್ ಕೆಲಸವಲ್ಲ. ಆ ಜಿಮ್ ಬಿಡಿ. ಈಗಾಗಲೇ ಚುಚ್ಚಿಸಿಕೊಂಡಿದ್ದರೆ ಮುಚ್ಚಿಡಬೇಡಿ, ಹಾರ್ಮೋನ್ ತಜ್ಞರನ್ನು ನೋಡಿ.

ಹೊಟ್ಟೆ ಮಾತ್ರ ಕರಗಿಸುವ ವ್ಯಾಯಾಮ ಹೇಳಿ.
ಅಂಥದ್ದು ಇಲ್ಲ.

ಬೆಳಿಗ್ಗೆ ಬಿಸಿನೀರಿಗೆ ಜೇನುತುಪ್ಪ ಹಾಕಿ ಕುಡಿದರೆ ಕೊಬ್ಬು ಕರಗುತ್ತದಾ?
ಜೇನುತುಪ್ಪದಲ್ಲಿ ಇರುವುದು ಸಕ್ಕರೆ ಅಲ್ವಾ?

ಅಮ್ಮನಿಗೆ 58, ಭಾರ ಎತ್ತಬಹುದಾ?
ಎತ್ತಲೇಬೇಕು. ಒಂದು ಲೀಟರ್ ನೀರಿನ ಬಾಟಲಿಯಿಂದ ಶುರು ಮಾಡಲಿ. ಬಿಪಿ ಇದ್ದರೆ ಮೊದಲು ಡಾಕ್ಟರಿಗೆ ತೋರಿಸಲಿ, ಎತ್ತುವಾಗ ಉಸಿರು ಬಿಗಿಹಿಡಿಯುವುದು ಬೇಡ.