ಸ್ಕ್ಯಾನ್ ನಾರ್ಮಲ್ ಇದ್ದರೆ ಸಾಕಾ?

ನಿಮ್ಮ ಭಾವನಿಗೆ 41 ವರ್ಷ, ಫುಟ್‌ಬಾಲ್ ಆಡುವಾಗ ಮೂರು ಸಲ ತಲೆಗೆ ಪೆಟ್ಟಾಗಿ ಕನ್‌ಕಷನ್ (ಮಿದುಳು ಅಲುಗಾಡುವ ಪೆಟ್ಟು) ಆಗಿದೆ, ಸಿಟಿ ಸ್ಕ್ಯಾನ್ ನಾರ್ಮಲ್ ಬಂದಿದೆ, ಮೈಸೂರಿನ ಭಾನುವಾರದ ಮ್ಯಾಚ್‌ಗೆ ಮತ್ತೆ ಇಳಿಯಬಹುದಾ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ, ಬೇಡ.

ಆ ಸ್ಕ್ಯಾನ್‌ನಲ್ಲಿ ಗೊತ್ತಾಗುವುದು ರಕ್ತ ಸೋರಿದೆಯಾ, ಬುರುಡೆ ಬಿರುಕು ಬಿಟ್ಟಿದೆಯಾ ಅಂತ. ಮಿದುಳು ಒಳಗೇ ಅಲುಗಾಡಿದ ಪೆಟ್ಟು ಅದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಮರೆವು, ಸಿಡುಕು, ನಿದ್ದೆ ಬಾರದಿರುವುದು, ಬೆಳಕು ಕಂಡರೆ ತಲೆನೋವು, ಇವು ಮನೆಯವರಿಗೇ ಮೊದಲು ಗೊತ್ತಾಗುತ್ತವೆ. ನಿಮ್ಮ ಅಕ್ಕನನ್ನು ಕೇಳಿ ನೋಡಿ. ಭಾವ ನಿಜ ಹೇಳಲ್ಲ, ಆಟಗಾರರು ಯಾರೂ ಹೇಳಲ್ಲ ಬಿಡಿ.

ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಜೆಫ್ ಆಸಲ್ 2002ರಲ್ಲಿ 59ನೇ ವಯಸ್ಸಿಗೇ ತೀರಿಕೊಂಡರು. ವರ್ಷಗಟ್ಟಲೆ ಚೆಂಡಿಗೆ ತಲೆ ಕೊಟ್ಟು ಮಿದುಳು ಹಾಳಾಗಿತ್ತು ಅಂತ ಸಾವಿನ ವಿಚಾರಣೆಯಲ್ಲಿ ತೀರ್ಮಾನವಾಯಿತು. ಅಲ್ಲಿನದೇ ಇನ್ನೊಬ್ಬ ಆಟಗಾರ ರಯಾನ್ ಮೇಸನ್ ಬುರುಡೆ ಒಡೆದ ಮೇಲೆ ವೈದ್ಯರ ಮಾತು ಕೇಳಿ 2018ರಲ್ಲಿ ಆಟ ಬಿಟ್ಟರು. ಆಗ ಅವರಿಗೆ ಬರೀ 26. ಆಮೇಲೆ ಕೋಚ್ ಆದರು.

ಭಾವನೂ ಹುಡುಗರಿಗೆ ಕಲಿಸಲಿ. ಓಡಲೇಬೇಕು ಅಂದರೆ ಕುಕ್ಕರಹಳ್ಳಿ ಕೆರೆ ಇದೆ, ಆದರೆ ಮೊದಲು ನರರೋಗ ತಜ್ಞರಿಗೆ ತೋರಿಸಿ, ಮೂರೂ ಪೆಟ್ಟಿನ ವಿಷಯ ಮುಚ್ಚಿಡದೆ ಹೇಳಿ.