ರೀಜನಲ್‌ನಲ್ಲಿ ಕ್ಯಾಪ್ಟನ್ ಆಗಿ ಆಮೇಲೆ ಕಾರ್ಗೋಗೆ ಹೋಗ್ಲಾ, ಅಥವಾ ಈಗ್ಲೇ ಹೋಗ್ಲಾ?

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಇಷ್ಟು: ಡಲ್ಲಾಸ್‌ನಲ್ಲಿ ಇದೀರ, ಗ್ರೀನ್ ಕಾರ್ಡ್ ಇದೆ, ರೀಜನಲ್ ಏರ್‌ಲೈನಿನಲ್ಲಿ, ಅಂದ್ರೆ ಹತ್ತಿರದ ಊರುಗಳಿಗೆ ಚಿಕ್ಕ ವಿಮಾನ ಹಾರಿಸೋ ಕಂಪನೀಲಿ, ಫಸ್ಟ್ ಆಫೀಸರ್ (ಸಹ-ಪೈಲಟ್), ಹಾರಾಟ 2,300 ಗಂಟೆ ಆಗಿದೆ, ಇನ್ನು ಆರು ತಿಂಗಳು ಕಾದ್ರೆ ಅಲ್ಲೇ ಕ್ಯಾಪ್ಟನ್ ಸೀಟು ಸಿಗತ್ತೆ, ಅಷ್ಟರಲ್ಲಿ ದೊಡ್ಡ ಕಾರ್ಗೋ ಕಂಪನಿ ಒಂದರಿಂದ ಇಂಟರ್‌ವ್ಯೂ ಕರೆ ಬಂದಿದೆ. ಊರಲ್ಲಿ ಅಪ್ಪ "ಮೊದಲು ಕ್ಯಾಪ್ಟನ್ ಆಗು, ಆಮೇಲೆ ಬೇರೆ ಕಡೆ ಹೋದ್ರೂ ಕ್ಯಾಪ್ಟನ್ ಆಗೇ ತಗೋತಾರೆ" ಅಂತಿದಾರೆ.

ಈಗ್ಲೇ ಹೋಗಿ. ನಾನು ಇಲ್ಲಿ ಕಾರ್ಗೋದಲ್ಲಿ ಹದಿನಾಲ್ಕು ವರ್ಷದಿಂದ ಇದೀನಿ, ಈಗ ಬೋಯಿಂಗ್ 767 ಕ್ಯಾಪ್ಟನ್, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳ್ತಿದೀನಿ.

ನಿಮ್ಮ ಅಪ್ಪ ಹೇಳೋದು ಇಂಡಿಯಾ ಲೆಕ್ಕದಲ್ಲಿ ಸರೀನೇ. ಅಲ್ಲಿ ಅನುಭವ ಇರೋ ಕ್ಯಾಪ್ಟನ್‌ನ ಇನ್ನೊಂದು ಕಂಪನಿ ನೇರವಾಗಿ ಕ್ಯಾಪ್ಟನ್ ಅಂತಲೇ ತಗೊಳತ್ತೆ, ಜನ ಹಾಗೆ ಜಿಗಿದು ಜಿಗಿದು ಹೋಗ್ತಾರೆ ಅಂತಾನೇ 2017ರಲ್ಲಿ ಅಲ್ಲಿನ ವಿಮಾನಯಾನ ನಿಯಂತ್ರಕ ಡಿಜಿಸಿಎ ಕ್ಯಾಪ್ಟನ್‌ಗಳಿಗೆ ಒಂದು ವರ್ಷ, ಫಸ್ಟ್ ಆಫೀಸರ್‌ಗಳಿಗೆ ಆರು ತಿಂಗಳು ನೋಟಿಸ್ ಪೀರಿಯಡ್ ಮಾಡಿದ್ದು. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಆ ದಾರಿ ಇಲ್ಲ. ಇಪ್ಪತ್ತು ವರ್ಷ ಕ್ಯಾಪ್ಟನ್ ಆಗಿದ್ದವರೂ ಫೆಡೆಕ್ಸ್‌ಗೋ ಯುಪಿಎಸ್‌ಗೋ ಸೇರಿದ ದಿನ ಸೀನಿಯಾರಿಟಿ ಲಿಸ್ಟಿನ ಕೊನೇಲಿ ನಿಲ್ತಾರೆ, ಹಳೇ ಕಂಪನಿಯ ಸೀನಿಯಾರಿಟಿ ಅಲ್ಲೇ ಉಳಿಯತ್ತೆ. ಇಲ್ಲಿ ಲೆಕ್ಕಕ್ಕೆ ಬರೋದು ಸೇರಿದ ತಾರೀಕು ಒಂದೇ. ಒಂದೇ ದಿನ ಸೇರಿದ ಬ್ಯಾಚ್ ಒಳಗೆ ಕೆಲವು ಕಡೆ ವಯಸ್ಸಲ್ಲಿ ದೊಡ್ಡವರಿಗೆ ಲಿಸ್ಟಲ್ಲಿ ಮೇಲಿನ ನಂಬರ್, ಕೆಲವು ಕಡೆ ಸೋಷಿಯಲ್ ಸೆಕ್ಯುರಿಟಿ ನಂಬರಿನ ಕೊನೇ ಅಂಕಿ ನೋಡ್ತಾರೆ. ಎಷ್ಟು ಚೆನ್ನಾಗಿ ಲ್ಯಾಂಡ್ ಮಾಡ್ತೀರ, ಬಾಸ್‌ಗೆ ನೀವು ಇಷ್ಟಾನಾ, ಇದ್ಯಾವುದೂ ನಂಬರ್ ಬದಲಿಸಲ್ಲ. ಊಟದ ಪಂಕ್ತಿ ತರಾನೇ, ಮೊದಲು ಬಂದವರು ಮೊದಲು ಕೂತ್ಕೋತಾರೆ, ಅವರು ಎದ್ದ ಮೇಲೆ ನಮ್ಮ ಎಲೆ.

ನಾನು ಇದನ್ನ ಕಲಿತದ್ದು ಸ್ವಲ್ಪ ದುಬಾರಿಯಾಗಿ. ನನಗೆ ಕೆಲಸ ಸಿಕ್ಕಾಗ ಎರಡು ಕ್ಲಾಸ್ ಡೇಟ್ (ಹೊಸಬರ ತರಬೇತಿ ಶುರುವಾಗೋ ದಿನ, ಅದೇ ಸೇರಿದ ತಾರೀಕು) ಕೊಟ್ಟು ಯಾವುದು ಬೇಕು ಅಂತ ಕೇಳಿದ್ರು, ಮಧ್ಯೆ ಐದು ವಾರ ಅಂತರ. ಮನೆ ಶಿಫ್ಟ್ ಮಾಡ್ಬೇಕಿತ್ತು, ಮಗಳಿಗೆ ಎಂಟು ತಿಂಗಳು, ಎಲ್ಲ ಮುಗಿಸ್ಕೊಂಡು ಆರಾಮಾಗಿ ಹೋಗೋಣ ಅಂತ ಎರಡನೇದು ತಗೊಂಡೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡೆ. ಆ ಐದು ವಾರದಲ್ಲಿ 46 ಜನ ನನ್ನ ಮುಂದೆ ಸೇರಿದ್ರು. ಆಗ ಏನೂ ಅನ್ನಿಸಲಿಲ್ಲ, ಸಾವಿರಾರು ಜನರ ಲಿಸ್ಟಲ್ಲಿ 46 ಯಾವ ಲೆಕ್ಕ ಅಂದ್ಕೊಂಡೆ. ವರ್ಷಗಳಾದ ಮೇಲೆ ಕ್ಯಾಪ್ಟನ್ ವೇಕೆನ್ಸಿ ಬಿಡ್ ಬಂತು (ಖಾಲಿ ಸೀಟಿಗೆ ಬೇಕಾದವರು ಅರ್ಜಿ ಹಾಕ್ತಾರೆ, ನಂಬರ್ ಪ್ರಕಾರ ಹಂಚ್ತಾರೆ), ರಿಸಲ್ಟ್ ಓಪನ್ ಮಾಡಿದ್ರೆ ಕೊನೇ ಸೀಟು ಹೋಗಿದ್ದು ನನಗಿಂತ 19 ನಂಬರ್ ಮೇಲಿರೋರಿಗೆ. ಮುಂದಿನ ಬಿಡ್ ಬರೋಕೆ ಒಂದೂವರೆ ವರ್ಷ ಆಯ್ತು. ಆ ಒಂದೂವರೆ ವರ್ಷದ ಕ್ಯಾಪ್ಟನ್ ಸಂಬಳಕ್ಕಿಂತ ಹೆಚ್ಚಾಗಿ ನನಗೆ ಇವತ್ತಿಗೂ ಕಾಡೋದು ರಜಾ ಬಿಡ್, ಯಾಕಂದ್ರೆ ಆ 46 ಜನ ಪ್ರತಿ ಡಿಸೆಂಬರಿಗೂ ನನ್ನ ಮುಂದೆನೇ ಇರ್ತಾರೆ, ರಿಟೈರ್ ಆಗೋವರೆಗೂ.

ನಂಬರ್ ಅಂದ್ರೆ ಪ್ರಮೋಷನ್ ಮಾತ್ರ ಅಂದ್ಕೋಬೇಡಿ. ಯಾವ ವಿಮಾನ, ಕ್ಯಾಪ್ಟನ್ನಿನ ಎಡ ಸೀಟಾ ಫಸ್ಟ್ ಆಫೀಸರ್‌ನ ಬಲ ಸೀಟಾ, ಯಾವ ಬೇಸ್ (ಡ್ಯೂಟಿ ಶುರುವಾಗೋ ಊರು), ತಿಂಗಳ ಲೈನ್ (ಹಾರಾಟದ ವೇಳಾಪಟ್ಟಿ) ಯಾವುದು, ರಾತ್ರಿನಾ ಹಗಲಾ, ಹಬ್ಬಕ್ಕೆ ಮನೇಲಿ ಇರ್ತೀರಾ ಇಲ್ವಾ, ಎಲ್ಲ ಅದರಿಂದಾನೇ. ಕಾರ್ಗೋದಲ್ಲಿ ಇದು ಪ್ಯಾಸೆಂಜರ್‌ಗಿಂತ ಜಾಸ್ತಿ ತಟ್ಟತ್ತೆ, ಯಾಕಂದ್ರೆ ಎಕ್ಸ್‌ಪ್ರೆಸ್ ಕೆಲಸದ ಬೆನ್ನೆಲುಬೇ ರಾತ್ರಿ. ಸಂಜೆ ಊರೂರಿಂದ ಹೊರಟ ವಿಮಾನಗಳು ನಡುರಾತ್ರಿ ಹೊತ್ತಿಗೆ ಫೆಡೆಕ್ಸ್‌ನ ಹಬ್ ಮೆಂಫಿಸ್ ಅಥವಾ ಯುಪಿಎಸ್‌ನ ಹಬ್ ಲೂಯಿವಿಲ್‌ಗೆ ಬಂದು ಸೇರತ್ವೆ, ಬೆಲ್ಟ್ ಮೇಲೆ ಪಾರ್ಸೆಲ್ ವಿಂಗಡಣೆ ಆಗೋವರೆಗೆ ಪೈಲಟ್‌ಗಳು ಸ್ಲೀಪ್ ರೂಮಲ್ಲಿ ಎರಡು ಗಂಟೆ ಮಲಗ್ತಾರೆ, ಬೆಳಗಿನ ಜಾವ ಎದ್ದು ಮತ್ತೆ ಹಾರ್ತಾರೆ. ಆ ಎರಡು ಗಂಟೆ ನಿದ್ದೆಯಿಂದ ಏಳೋದು ಹೇಗಿರತ್ತೆ ಅಂತ ಹೇಳಿದ್ರೆ ಗೊತ್ತಾಗಲ್ಲ, ಬೂಟು ಹಾಕ್ಕೊಂಡೇ ಮಲಗಿರ್ತೀರ, ಎದ್ದಾಗ ಯಾವ ಊರು ಅನ್ನೋದು ಒಂದು ಕ್ಷಣ ಹೊಳೆಯಲ್ಲ. ಕೋಲ್ಗನ್ ಅನ್ನೋ ರೀಜನಲ್ ಏರ್‌ಲೈನಿನ ವಿಮಾನ ಅಪಘಾತ ಆದ ಮೇಲೆ ಬಂದ ಪೈಲಟ್‌ಗಳ ಹೊಸ ವಿಶ್ರಾಂತಿ ನಿಯಮ, ಪಾರ್ಟ್ 117, 2014ರಲ್ಲಿ ಜಾರಿ ಆದಾಗ ಕಾರ್ಗೋನ ಹೊರಗಿಟ್ರು, ಇದು ದೊಡ್ಡ ಅನ್ಯಾಯ ಅಂತ ನಾನು ಇವತ್ತಿಗೂ ನಂಬ್ತೀನಿ. ಹಾಗಾಗಿ ನಮ್ಮನ್ನ ಕಾಯೋದು ಒಂದು ಯೂನಿಯನ್ ಕಾಂಟ್ರಾಕ್ಟು, ಇನ್ನೊಂದು ನಮ್ಮ ನಂಬರ್ರು. ನಂಬರ್ ಮೇಲೆ ಹೋದ ಹಾಗೆ ಈ ರಾತ್ರಿಗಳು ಕಮ್ಮಿ ಆಗತ್ವೆ.

ಇನ್ನೊಂದು ವಿಷಯ, ಬಹಳ ಜನ ಎಡವೋದು ಇಲ್ಲೇ. ನಂಬರ್ ಬಂತು ಅಂತ ಮೊದಲನೇ ಚಾನ್ಸಲ್ಲೇ ಕ್ಯಾಪ್ಟನ್ ಆಗಿಬಿಡ್ಬೇಕು ಅಂತೇನಿಲ್ಲ. ಕಂಪನಿ ಒಟ್ಟು ಲಿಸ್ಟಲ್ಲಿ ನಿಮ್ಮ ಜಾಗ ಒಂದು, ನಿಮ್ಮ ಬೇಸು ಮತ್ತು ಸೀಟಲ್ಲಿ ನಿಮ್ಮ ಜಾಗ ಇನ್ನೊಂದು. 200 ಫಸ್ಟ್ ಆಫೀಸರ್‌ಗಳಲ್ಲಿ 20ನೇಯವರಾಗಿ ಇದ್ದವರು ಅಪ್‌ಗ್ರೇಡ್ ಆದ ದಿನ ಕ್ಯಾಪ್ಟನ್‌ಗಳಲ್ಲಿ ಕೊನೆಯವರಾಗ್ತಾರೆ, ರಿಸರ್ವ್‌ಗೆ ಬೀಳ್ತಾರೆ, ಫೋನ್ ಬಂದಾಗ ಓಡ್ಬೇಕು, ಸಾಮಾನ್ಯವಾಗಿ ಆ ಸೀಟಿಗೆ ಒಂದೆರಡು ವರ್ಷ ಲಾಕ್ ಕೂಡ ಇರತ್ತೆ, ಬಿಟ್ಟು ಬೇರೆ ಸೀಟಿಗೆ ಹೋಗೋಕಾಗಲ್ಲ. ನಾನು ಹೊಸಬನಾಗಿದ್ದಾಗ ನಮ್ಮ ಬೇಸಲ್ಲಿ ಒಬ್ಬ ಹಿರಿಯ ಫಸ್ಟ್ ಆಫೀಸರ್ ಇದ್ರು, ಅವರ ನಂಬರಿಗೆ ಎಂಟು ವರ್ಷದ ಹಿಂದೆನೇ ಕ್ಯಾಪ್ಟನ್ ಸೀಟು ಸಿಗ್ತಿತ್ತು, ತಗೊಂಡಿರಲಿಲ್ಲ. ಪ್ರತಿ ತಿಂಗಳೂ ಹಗಲಿನ ಟ್ರಿಪ್ಪು, ಶನಿವಾರ ಭಾನುವಾರ ಮನೆ. ಯಾಕೆ ಸರ್ ಅಂತ ಕೇಳಿದ್ದಕ್ಕೆ ಫೋನ್ ತೆಗೆದು ಮಗನ ಬೇಸ್‌ಬಾಲ್ ಫೋಟೋಗಳನ್ನ ಒಂದೊಂದಾಗಿ ತೋರಿಸಿದ್ರು, ಎಲ್ಲಾ ಮ್ಯಾಚಲ್ಲೂ ಅವರು ಇದ್ರು. ಮಗ ಕಾಲೇಜಿಗೆ ಹೋದ ಮೇಲೆ ಅಪ್‌ಗ್ರೇಡ್ ಆದ್ರು.

ಎಷ್ಟು ವರ್ಷಕ್ಕೆ ಮೇಲೆ ಹೋಗ್ತೀನಿ ಅಂತ ಲೆಕ್ಕ ಹಾಕೋಕೆ ರಿಕ್ರೂಟರ್ ಹೇಳೋ ಸಂಖ್ಯೆ ನಂಬ್ಬೇಡಿ. ಲಿಸ್ಟಲ್ಲಿ ನಿಮಗಿಂತ ಮೇಲಿರೋರ ವಯಸ್ಸು ಕೇಳಿ, ಪ್ರತಿ ವರ್ಷ ಎಷ್ಟು ಜನ 65 ಮುಟ್ಟುತಾರೆ ನೋಡಿ, ಅದೊಂದೇ ಗಟ್ಟಿ ಲೆಕ್ಕ. ಅದೂ ಒಮ್ಮೆ ಅಲ್ಲಾಡಿದೆ. 2007ರ ಡಿಸೆಂಬರಲ್ಲಿ ರಿಟೈರ್ಮೆಂಟ್ ವಯಸ್ಸನ್ನ 60ರಿಂದ 65ಕ್ಕೆ ಏರಿಸಿದ್ರು, ಐದು ವರ್ಷ ವಯಸ್ಸಿನ ಕಾರಣಕ್ಕೆ ಯಾರೂ ಮನೆಗೆ ಹೋಗಲಿಲ್ಲ, ಕೆಳಗಿದ್ದವರೆಲ್ಲ ನಿಂತಲ್ಲೇ ನಿಂತ್ರು, ಅದರ ಮೇಲೆ ಆರ್ಥಿಕ ಕುಸಿತ ಬೇರೆ, 2010ರಲ್ಲಿ ಯುಪಿಎಸ್ ಲಿಸ್ಟಿನ ಕೆಳಗಿನವರನ್ನ ಫರ್ಲೋ ಮಾಡ್ತು, ಅಂದ್ರೆ ಸಂಬಳ ಇಲ್ಲದೆ ಮನೆಗೆ ಕಳಿಸ್ತು. 67 ಮಾಡ್ಬೇಕು ಅನ್ನೋ ಪ್ರಯತ್ನಾನೂ ನಡೀತು, 2024ರ ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಕ) ಕಾನೂನಲ್ಲಿ ಅದು ಸೇರಲಿಲ್ಲ. ಕಂಪನಿ ಬೆಳೆಯತ್ತೆ, ಹೊಸ ವಿಮಾನ ಬರತ್ತೆ ಅನ್ನೋದನ್ನಂತೂ ಲೆಕ್ಕಕ್ಕೇ ತಗೋಬೇಡಿ. ಕೋವಿಡ್ ಕಾಲದಲ್ಲಿ ಕಾರ್ಗೋ ಹೇಗೆ ಉಬ್ಬಿತ್ತು ನೋಡಿದೀರ. ಆಮೇಲೆ 2024ರ ಸೆಪ್ಟೆಂಬರಲ್ಲಿ ಫೆಡೆಕ್ಸ್ ಕೈಯಿಂದ ಅಂಚೆ ಇಲಾಖೆಯ ಕಾಂಟ್ರಾಕ್ಟ್ ಜಾರಿ ಯುಪಿಎಸ್‌ಗೆ ಹೋಯ್ತು, ಒಂದು ಸಹಿಗೆ ಎಷ್ಟೋ ಹಗಲಿನ ಫ್ಲೈಟ್‌ಗಳು ಆ ಕಡೆಯಿಂದ ಈ ಕಡೆಗೆ. 2025ರ ನವೆಂಬರಲ್ಲಿ ಲೂಯಿವಿಲ್‌ನಲ್ಲಿ ಯುಪಿಎಸ್‌ನ ಎಂಡಿ-11 ಸರಕು ವಿಮಾನ ಬಿದ್ದು ಮೂವರು ಪೈಲಟ್‌ಗಳೂ ನೆಲದ ಮೇಲಿದ್ದ ಜನರೂ ತೀರಿಕೊಂಡ್ರು, ಆಮೇಲೆ ಎಂಡಿ-11ಗಳನ್ನೆಲ್ಲ ನಿಲ್ಲಿಸಿದ್ರು. ಒಂದು ವಿಮಾನ ಹೀಗೆ ಕೈಬಿಟ್ರೆ ಅದರ ಸೀನಿಯರ್‌ಗಳು ಬೇರೆ ವಿಮಾನಕ್ಕೆ ಬರ್ತಾರೆ, ಅಲ್ಲಿದ್ದ ಜೂನಿಯರ್‌ಗಳು ಕೆಳಕ್ಕೆ ಸರೀತಾರೆ.

ಕಂಪನಿ ಮಾರಾಟ ಆದ್ರೆ ಏನು ಅಂತಾನೂ ಕೇಳಿದ್ರಿ. 2001ರಲ್ಲಿ ಟಿಡಬ್ಲ್ಯುಎ ಅನ್ನೋ ಏರ್‌ಲೈನನ್ನ ಅಮೆರಿಕನ್ ಏರ್‌ಲೈನ್ಸ್ ಕೊಂಡಾಗ ಅವರ ಪೈಲಟ್‌ಗಳಲ್ಲಿ ತುಂಬಾ ಜನರನ್ನ ಲಿಸ್ಟಿನ ತಳಕ್ಕೆ ಹಾಕಿದ್ರು, ಎಷ್ಟೋ ಜನ ಕೆಲಸಾನೇ ಕಳ್ಕೊಂಡ್ರು. ಆ ನೋವಿನಿಂದ ಬಂದಿದ್ದು 2007ರ ಮೆಕ್ಯಾಸ್ಕಿಲ್-ಬಾಂಡ್ ಕಾನೂನು, ಈಗ ಎರಡು ಲಿಸ್ಟ್ ಸೇರಿಸೋವಾಗ ನ್ಯಾಯವಾಗಿ ಸೇರಿಸ್ಬೇಕು, ಒಪ್ಪಂದ ಆಗದಿದ್ರೆ ಮಧ್ಯಸ್ಥಿಕೆಗೆ ಹೋಗ್ಬೇಕು.

ನಿಮಗೆ ಕರೆ ಬಂದಿರೋದು ಅಟ್ಲಾಸ್, ಕಲಿಟ್ಟಾ ತರದ, ಬೇರೆಯವರಿಗಾಗಿ ಸರಕು ಹಾರಿಸೋ ಕಂಪನಿಯಿಂದ ಆಗಿದ್ರೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಮೇಲಿರೋರು ಬೇರೆ ಕಂಪನಿಗಳಿಗೆ ಹೋಗ್ತಾ ಇರ್ತಾರೆ, ಹಾಗಾಗಿ ಅಪ್‌ಗ್ರೇಡ್ ಬೇಗ, ಆದ್ರೆ ಒಂದೇ ಸಲಕ್ಕೆ ಎರಡು ವಾರಕ್ಕಿಂತ ಜಾಸ್ತಿ ಮನೆಯಿಂದ ಹೊರಗೆ. ಮದುವೆ ಆಗಿದ್ರೆ ಹೆಂಡತಿ ಹತ್ರ ಕೂತು ಮಾತಾಡಿ ತೀರ್ಮಾನ ಮಾಡಿ. ಎರಡು ವಾರ ಮನೆ ನೋಡ್ಕೊಳ್ಳೋರು ಅವರೇ.

ಸಂಬಳದ ಬಗ್ಗೆ ಚಿಕ್ಕದಾಗಿ: ದರ ನಿಂತಿರೋದು ಸೀಟು, ಸರ್ವೀಸ್ ವರ್ಷ, ಕೆಲವು ಕಡೆ ವಿಮಾನದ ಮೇಲೂ. ಯುಪಿಎಸ್‌ನಲ್ಲಿ ಯಾವ ವಿಮಾನ ಹಾರಿಸಿದ್ರೂ ಒಂದೇ ದರ, ಹಾಗಾಗಿ ದೊಡ್ಡ ವಿಮಾನದ ಹಿಂದೆ ಓಡೋ ಅಗತ್ಯ ಇಲ್ಲ, ಮನೆಗೆ ಹೊಂದೋ ಶೆಡ್ಯೂಲ್ ಹಿಂದೆ ಹೋಗ್ಬಹುದು.

ಒಂದು ಖಚಿತ ಮಾಡ್ಕೊಳ್ಳಿ, ನಿಮ್ಮ 2,300ರಲ್ಲಿ ಪಾರ್ಟ್ 121 (ಏರ್‌ಲೈನ್ ಹಾರಾಟದ) ಗಂಟೆ ಎಷ್ಟು ಅಂತ, ಮುಂದೆ ಕ್ಯಾಪ್ಟನ್ ಆಗೋಕೆ ಅಂಥ 1,000 ಗಂಟೆ ಬೇಕು. ರೀಜನಲ್‌ನಲ್ಲೇ ಮುಗಿದಿದ್ರೆ ಒಳ್ಳೇದು, ಇಲ್ಲದಿದ್ರೂ ಹೊಸ ಕಂಪನೀಲಿ ಬಲ ಸೀಟಲ್ಲಿ ಕೂತೇ ತುಂಬ್ತೀರ, ಅದಕ್ಕೋಸ್ಕರ ಕಾಯ್ಬೇಡಿ. ಆಫರ್ ಕಾಲ್‌ನಲ್ಲಿ "ಅತಿ ಬೇಗದ ಕ್ಲಾಸ್ ಡೇಟ್ ಯಾವುದು" ಅಂತ ನೀವೇ ಬಾಯಿಬಿಟ್ಟು ಕೇಳಿ, ಅವರು ಹೇಳಿದ ತಾರೀಕಿಗೆ ಫೋನ್ ಇಡೋಕೆ ಮುಂಚೆನೇ ಹೂಂ ಅನ್ನಿ. ಮನೆ ಸಾಮಾನು ಆಮೇಲೆ ಸಾಗಿಸ್ಬಹುದು.