ಪರೀಕ್ಷೆ ಫೆಬ್ರವರಿಗೆ, ಓದು ಅಕ್ಟೋಬರಿಗೆ

ತಮ್ಮಾ, ನಿನ್ನ ಮೆಸೇಜ್ ಓದಿದೆ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಮುಗಿಸಿ ಅಕ್ಟೋಬರಿಗೆ ಜರ್ಮನಿಯಲ್ಲಿ ಎಂಎಸ್ ಸೇರುತ್ತಿದ್ದೀಯ ಅಂತ ತಿಳಿದು ತುಂಬಾ ಖುಷಿಯಾಯಿತು. ಹೊಸನಗರದ ಹುಡುಗ ಅಂದರೆ ತೀರ್ಥಹಳ್ಳಿಯ ನಮಗೆ ಪಕ್ಕದ ಮನೆಯವನೇ. ನೀನು ಕೇಳಿದ್ದು ಮೂರು. "ಅಕ್ಕಾ, ದಿನಕ್ಕೆ ಎಷ್ಟು ಗಂಟೆ ಓದಬೇಕು? ಪಾರ್ಟ್ ಟೈಮ್ ಕೆಲಸ ಮಾಡಿಕೊಂಡು ಓದೋಕೆ ಟೈಮ್ ಸಾಲುತ್ತಾ? ಕುಕ್ಕರ್ ತರಬೇಕಾ?"

ಕುಕ್ಕರ್ ತಾ, ಚಿಕ್ಕದು ಸಾಕು. ಕೆಲಸಕ್ಕೆ ವಿದ್ಯಾರ್ಥಿ ವೀಸಾದಲ್ಲಿ ವರ್ಷಕ್ಕೆ 140 ಪೂರ್ತಿ ದಿನ, ಇಲ್ಲವೇ 280 ಅರ್ಧ ದಿನ ಅವಕಾಶ ಇದೆ. ಆದರೆ ಮೊದಲ ಸೆಮಿಸ್ಟರಿನಲ್ಲಿ ಬೇಡ. ಅಪ್ಪನ ಹತ್ತಿರ ಇನ್ನಷ್ಟು ದುಡ್ಡು ಕೇಳೋಕೆ ಮುಜುಗರ ಆಗುತ್ತದೆ, ಗೊತ್ತು. ಆದರೂ ಕೇಳು.

ಓದಿನ ಗಂಟೆಗೆ ಇಲ್ಲಿ ಲೆಕ್ಕವೇ ಇದೆ. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಯ ದುಡಿಮೆ. ಕ್ಲಾಸಲ್ಲಿ ಕೂತದ್ದು, ಮನೆಯಲ್ಲಿ ಓದಿದ್ದು, ಪರೀಕ್ಷೆಗೆ ತಯಾರಾದದ್ದು ಎಲ್ಲ ಸೇರಿ. ಸೆಮಿಸ್ಟರಿಗೆ 30 ಕ್ರೆಡಿಟ್. ಅಂದರೆ 750ರಿಂದ 900 ಗಂಟೆ. ಟೈಮ್‌ಟೇಬಲ್‌ನಲ್ಲಿ ಕಾಣುವ ಕ್ಲಾಸುಗಳು ಇದರ ಅರ್ಧವೂ ಆಗುವುದಿಲ್ಲ. ಖಾಲಿ ಕಾಣುವ ಮಧ್ಯಾಹ್ನಗಳೆಲ್ಲ ರಜೆ ಅಲ್ಲ, ಅವೂ ಲೆಕ್ಕದಲ್ಲಿವೆ.

ನಮ್ಮಲ್ಲಿ ಇಂಟರ್ನಲ್ಸ್ ಇರುತ್ತದೆ, ಅಟೆಂಡೆನ್ಸ್ ಇರುತ್ತದೆ, ಕಮ್ಮಿಯಾದರೆ ಮನೆಗೆ ಫೋನ್ ಹೋಗುತ್ತದೆ. ಇಲ್ಲಿ ಎಷ್ಟೋ ವಿಷಯಗಳಿಗೆ ಸೆಮಿಸ್ಟರಿನ ಕೊನೆಯಲ್ಲಿ, ಫೆಬ್ರವರಿಯ ಹೊತ್ತಿಗೆ, ಒಂದೇ ಪರೀಕ್ಷೆ. ಅಲ್ಲಿಯ ತನಕ ಓದಿದೆಯಾ ಅಂತ ಕೇಳುವವರಿಲ್ಲ. ಸ್ಟಡಿ ಹಾಲಿಡೇಸ್‌ನಲ್ಲಿ ಕೂತು ಹಳೇ ಪ್ರಶ್ನೆಪತ್ರಿಕೆ ತಿರುವಿ ಪಾಸಾಗುವ ದಾರಿ ನಡೆಯುವುದು ಕಷ್ಟ. ಫೇಲಾದ ವಿಷಯವನ್ನು ಬ್ಯಾಕ್ ಅಂತ ಉಳಿಸಿಕೊಳ್ಳುವುದಕ್ಕೂ ಮಿತಿ ಇದೆ. ಎಷ್ಟೋ ಕಡೆ ಒಂದು ವಿಷಯಕ್ಕೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೆಯದೂ ಹೋದರೆ ಕೋರ್ಸೇ ಕೈಬಿಡುತ್ತದೆ. ತೋಟದ ಮನೆಯವನು ನೀನು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ಹಿಡಿಯುವ ಮೊದಲು ಅಲ್ವಾ? ಕಾಯಿ ಉದುರೋಕೆ ಶುರುವಾದ ಮೇಲೆ ಹೊಡೆದು ಏನು ಪ್ರಯೋಜನ? ಅಕ್ಟೋಬರಿನ ಓದು ಹಾಗೇ.

ಓದುವ ರೀತಿ ಒಂದು ಹೇಳುತ್ತೇನೆ. ಬರೀ ಮತ್ತೆ ಮತ್ತೆ ಓದಬೇಡ. ಪುಸ್ತಕ ಮುಚ್ಚಿ, ನೆನಪಿನಿಂದ ಬರೆ. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ಮನಃಶಾಸ್ತ್ರಜ್ಞ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿಕೊಂಡು ತೋರಿಸಿದ್ದಾನೆ. ಕಲಿತದ್ದು ಜಾಸ್ತಿ ಮರೆತುಹೋಗುವುದು ಮೊದಲ ಒಂದೆರಡು ದಿನಗಳಲ್ಲೇ. ಅದಕ್ಕೇ ಸೋಮವಾರದ ಪಾಠವನ್ನು ಮಂಗಳವಾರ ಒಮ್ಮೆ, ಆ ವಾರದ ಕೊನೆಗೆ ಒಮ್ಮೆ ನೆನಪು ಮಾಡಿಕೋ. ನಾನು ಶೂ ತಂದ ರಟ್ಟಿನ ಡಬ್ಬಿಗೆ ಅಡ್ಡ ರಟ್ಟು ಕೊಟ್ಟು ಐದು ಖಾನೆ ಮಾಡಿದ್ದೆ. ಚೀಟಿಯ ಒಂದು ಬದಿ ಪ್ರಶ್ನೆ, ಹಿಂಬದಿ ಉತ್ತರ. ಸರಿ ಹೇಳಿದರೆ ಚೀಟಿ ಮುಂದಿನ ಖಾನೆಗೆ, ತಪ್ಪಿದರೆ ಮತ್ತೆ ಮೊದಲನೆಯದಕ್ಕೆ. ಮೊದಲ ಖಾನೆ ದಿನಾ ನೋಡಬೇಕು, ಹಿಂದಿನವನ್ನು ಅಪರೂಪಕ್ಕೆ ನೋಡಿದರೆ ಸಾಕು. ಇದು 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಜನಪ್ರಿಯ ಮಾಡಿದ ಕ್ರಮ. ಈಗ ಆ್ಯಪ್‌ಗಳಿವೆ. ನನಗೆ ಡಬ್ಬಿಯೇ ಇಷ್ಟ, ಅದರಲ್ಲಿ ನೋಟಿಫಿಕೇಶನ್ ಬರುವುದಿಲ್ಲ.

ಈಗ ನೀನು ಕೇಳದೇ ಇದ್ದದ್ದು. ನಮ್ಮ ಕಡೆಯವರ ಟೈಮ್ ಹೋಗುವುದು ದಾಕ್ಷಿಣ್ಯದಲ್ಲಿ.

ಮನೆಗೆ ಯಾರಾದರೂ ಬಂದರೆ ಪುಸ್ತಕ ಮುಚ್ಚಿಟ್ಟು ಏಳಬೇಕು, ಬಾಯಾರಿಕೆಗೆ ಕೊಡಬೇಕು, ಎಲೆ ಅಡಿಕೆಯ ಕವಳದ ತಟ್ಟೆ ಇಡಬೇಕು, ಎದುರು ಕೂತು ಮಾತಾಡಬೇಕು. ಹಾಗೆ ಬೆಳೆದವರು ನಾವು. ಅದು ಒಳ್ಳೆಯ ಗುಣವೇ, ಇವತ್ತಿಗೂ ನನಗೆ ಅದರ ಬಗ್ಗೆ ಹೆಮ್ಮೆ. ಆದರೆ ಇಲ್ಲಿ ಬಂದ ಮೊದಲ ವರ್ಷ, ಭಾರತದ ಹುಡುಗ ಹುಡುಗಿಯರೇ ಇದ್ದ ಮನೆಯಲ್ಲಿ, ಒಬ್ಬರ ತಮ್ಮನನ್ನು ಸ್ಟೇಷನ್ನಿಂದ ಕರೆತರೋಕೆ ನಾನು. ಇನ್ನೊಬ್ಬರು ವಿಳಾಸ ನೋಂದಣಿಗೆ ಹೋಗುವಾಗ ಜೊತೆಗೆ ನಾನು. ಎಲ್ಲರಿಗೂ ಚಿತ್ರಾನ್ನ ಕಲಸೋಕೆ ನಾನು. ಅವರು ಯಾರೂ ಕೆಟ್ಟವರಲ್ಲ. ಕೇಳಿದರು, ನಾನು ಹೂಂ ಅಂದೆ. ಒಂದೊಂದೂ ಒಂದೇ ಗಂಟೆಯ ಕೆಲಸ. ಡಿಸೆಂಬರಿಗೆ ನೋಡಿದರೆ ಡಬ್ಬಿಯ ಚೀಟಿಗಳೆಲ್ಲ ಮೊದಲ ಖಾನೆಯಲ್ಲೇ ಇದ್ದವು.

ಆಗ ನನ್ನ ಜೊತೆ ಓದುತ್ತಿದ್ದ ಇಲ್ಲಿನ ಹುಡುಗಿಯೊಬ್ಬಳು ಗುರುವಾರ ಸೇರಿ ಓದೋಣ ಅಂದಳು. ಡೈರಿ ತೆಗೆದು "4ರಿಂದ 5:30" ಅಂತ ಬರೆದುಕೊಂಡಳು. ಐದೂವರೆ ಆದಾಗ ನಾನು ಏನೋ ಹೇಳುತ್ತಾ ಇದ್ದೆ. ಮಾತು ಮುಗಿಯುವ ತನಕ ಕಾದು, ಪೆನ್ನಿಗೆ ಮುಚ್ಚಳ ಹಾಕಿ, ಬ್ಯಾಗ್ ಹೆಗಲಿಗೇರಿಸಿ ಹೊರಟೇಬಿಟ್ಟಳು. ನನಗೆ ಸಿಟ್ಟೇ ಬಂತು. ನಮ್ಮಲ್ಲಿ ಬರ್ತೀನಿ ಅಂದ ಮೇಲೂ ಜಗುಲಿಯಲ್ಲಿ ನಿಂತು ಅರ್ಧ ಗಂಟೆ ಮಾತಾಡುತ್ತೇವಲ್ಲ. ಆದರೆ ಆ ಒಂದೂವರೆ ಗಂಟೆಯಲ್ಲಿ ನಾವು ಮಾಡಿದ ಲೆಕ್ಕಗಳು ನಾನು ಇಡೀ ವಾರ ಒಬ್ಬಳೇ ಮಾಡಿದ್ದಕ್ಕಿಂತ ಜಾಸ್ತಿ ಇದ್ದವು. ಎಷ್ಟು ಹೊತ್ತಿಗೆ ಏಳಬೇಕು ಅಂತ ಮೊದಲೇ ಗೊತ್ತಿದ್ದರೆ ಕೂತಷ್ಟು ಹೊತ್ತೂ ಕೆಲಸ ನಡೆಯುತ್ತದೆ.

ನಿನಗೂ ಇದನ್ನೇ ಹೇಳುತ್ತೇನೆ. ಓದಿನ ಹೊತ್ತನ್ನು ಗೋಡೆಯ ಮೇಲೆ ಬರೆದು ಅಂಟಿಸು, ಮನೆಯವರೆಲ್ಲ ನೋಡಲಿ. ಯಾರಾದರೂ ಕರೆದರೆ ಮುಖಕ್ಕೆ ಹೊಡೆದ ಹಾಗೆ ಆಗಲ್ಲ ಅನ್ನೋದು ಬೇಡ. "ಏಳರ ತನಕ ಓದೋದಿದೆ ಮಾರಾಯ, ಆಮೇಲೆ ಬರ್ತೀನಿ" ಅನ್ನು. ಹೇಳಿದ ಮೇಲೆ ಹೋಗು.

ಇದನ್ನು ಕಲಿತದ್ದಕ್ಕೆ ನಾನು ಏನು ಕೊಟ್ಟೆ ಅನ್ನುವುದನ್ನೂ ಹೇಳಬೇಕು. ಈಗ ಊರಿಗೆ ಹೋದರೆ ಅತ್ತೆ ಅನ್ನುತ್ತಾರೆ, "ಇವಳು ಕುರ್ಚಿ ತುದಿಯಲ್ಲೇ ಕೂರ್ತಾಳೆ, ಈಗ ಏಳ್ತಾಳೆ ಅನ್ನೋ ಹಾಗೆ." ಅಮ್ಮ ಫೋನಲ್ಲಿ ಹಸು ಕರು ಹಾಕಿದ ಕತೆ ಹೇಳುವಾಗಲೂ ನನ್ನ ಕಣ್ಣು ಗಡಿಯಾರದ ಕಡೆ ಹೋಗುತ್ತದೆ. ಬೇಡ ಅಂದರೂ ಹೋಗುತ್ತದೆ. ಅದು ನನ್ನನ್ನು ಈಗಲೂ ಕೊರೆಯುತ್ತದೆ. ನೀನು ವಾರಕ್ಕೆ ಒಂದು ಸಂಜೆಯನ್ನಾದರೂ ಲೆಕ್ಕದಿಂದ ಹೊರಗೆ ಇಟ್ಟುಕೋ. ಚಳಿಗಾಲದಲ್ಲಿ ಇಲ್ಲಿಗೂ ಊರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಊರಲ್ಲಿ ರಾತ್ರಿ ಎಂಟೂವರೆ ಅಂದರೆ ನಿನಗೆ ಸಂಜೆ ನಾಲ್ಕು. ಅಮ್ಮನ ಅಡುಗೆ ಕೆಲಸ ಮುಗಿದಿರುತ್ತದೆ. ಆಗ ಫೋನ್ ಮಾಡು, ಅವರು ಇಡುವ ತನಕ ಇಡಬೇಡ.

ಇನ್ನು ಚಿಲ್ಲರೆ ವಿಷಯ. ಟೈಮ್‌ಟೇಬಲ್‌ನಲ್ಲಿ "ಸಿ.ಟಿ." ಅಂತಿದ್ದರೆ ಹತ್ತರ ಕ್ಲಾಸ್ ಹತ್ತೂಕಾಲಿಗೆ ಶುರು. "ಎಸ್.ಟಿ." ಅಂತಿದ್ದರೆ ಸರಿಯಾಗಿ ಹತ್ತಕ್ಕೆ. ಹೆಚ್ಚಿನ ಕಡೆ ಪರೀಕ್ಷೆಗೆ ನೀನೇ ಹೆಸರು ನೋಂದಾಯಿಸಬೇಕು. ಕೊನೆಯ ದಿನಾಂಕ ಯಾವಾಗ ಅಂತ ಸೇರಿದ ವಾರವೇ ಕೇಳಿ ಅದನ್ನೂ ಗೋಡೆಗೆ ಅಂಟಿಸು. ಏಪ್ರಿಲ್‌, ಮೇ ತಿಂಗಳ ಮದುವೆಗಳಿಗೆ ಬರೋಕಾಗಲ್ಲ ಅಂತ ಮನೆಯಲ್ಲಿ ಈಗಲೇ ಹೇಳಿಬಿಡು, ಆಗ ಬೇಸಿಗೆ ಸೆಮಿಸ್ಟರ್ ಶುರುವಾಗಿರುತ್ತದೆ. ಗೌರಿ ಹಬ್ಬದ ಹೊತ್ತಿಗೆ ಸಾಮಾನ್ಯವಾಗಿ ಬಿಡುವಿರುತ್ತದೆ. ವಿಮಾನದ ಟಿಕೆಟ್ ಭಾನುವಾರ ಇಳಿಯುವ ಹಾಗೆ ತೆಗೆಸಬೇಡ. ಅವತ್ತು ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಅಕ್ಕಿ ಸಿಗುವುದೂ ಕಷ್ಟ.